ಗಾಳದ ಕಲೆಯೂ ಕರುಣರಸವೂ

ನಮ್ಮ ಸಂಘದ ವಾಚನಗೋಷ್ಠಿಯೊಂದರಲ್ಲಿ ನಾರ್ಮನ್ ಮೆಕ್ಲೀನ್ ಎಂಬ ಅಮೆರಿಕದ ಲೇಖಕನ ‘ಎ ರಿವರ್ ರನ್ಸ್ ಥ್ರೂ ಇಟ್’ ಎಂಬ ಕಿರುಕಾದಂಬರಿಯನ್ನು ಕುರಿತು ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಕತೆಯನ್ನು ಕನ್ನಡದಲ್ಲಿ ನಿರೂಪಿಸಿ, ಅದರ ಗುಣದೋಷಗಳನ್ನು ನನಗೆ ತೋರಿದಂತೆ ಹೇಳಿ ಕುಳಿತೆ. ಆಗ ನನಗಿಂತ ಹಿರಿಯರೂ ಬಹುಕಾಲದ ಅಧ್ಯಾಪಕರೂ ಆದ ಮಿತ್ರರೊಬ್ಬರು ಎದ್ದು ಒಂದು ಆಕ್ಷೇಪವನ್ನೆತ್ತಿದರು: “ತಮ್ಮನು ಸತ್ತ ಕತೆಯೇನೋ ಮನಸ್ಸನ್ನು ಕರಗಿಸುವಂತಿದೆ. ಆದರೆ ಅದಕ್ಕೆ ಮೊದಲು ಆ ಕೋಲು, ಆ ದಾರ, ಆ ನೊಣ, ಇವುಗಳ ಪುರಾಣವೇಕೆ? ಮಕ್ಕಳಿಗೆ ಪಾಠವಾಗಿ ಇಡುವುದಾದರೆ ಅಷ್ಟನ್ನೂ ಕತ್ತರಿಸಿ ಇಡಬಹುದಲ್ಲವೆ?” ಸಭೆ ನಕ್ಕಿತು. ನಾನೂ ನಕ್ಕೆ. ಸಮರ್ಪಕವಾದ ಉತ್ತರ ಆ ದಿನ ನನಗೆ ಹೊಳೆಯಲಿಲ್ಲ. ತಡವಾಗಿ ಹೊಳೆದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಿತ್ರರ ಪ್ರಶ್ನೆಯನ್ನು ಹಾಸ್ಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ತರಗತಿಗಳಲ್ಲಿ ನಾವು ದಿನವೂ ಮಾಡುತ್ತಿರುವುದು ಅದನ್ನೇ. ಕತೆಯನ್ನು ಉಳಿಸಿಕೊಂಡು ವಿವರವನ್ನು ಹಾರಿಸುತ್ತೇವೆ, ಮಕ್ಕಳು ನೋಟ್ಸಿನಲ್ಲಿ ಸಾರಾಂಶವನ್ನು ಬರೆದುಕೊಳ್ಳುತ್ತಾರೆ.

ಲೇಖಕನ ವಿಚಾರ ನಾಲ್ಕು ಮಾತು. ಮೆಕ್ಲೀನನು ಹುಟ್ಟಿದುದು 1902ರಲ್ಲಿ, ಬೆಳೆದುದು ಅಮೆರಿಕದ ಪಶ್ಚಿಮದ ಗುಡ್ಡಗಾಡು ಸೀಮೆಯಾದ ಮೊಂಟಾನದಲ್ಲಿ. ತಂದೆ ಸ್ಕಾಟ್ ಮೂಲದ ಪ್ರೆಸ್ಬಿಟೀರಿಯನ್ ಪಾದ್ರಿ. ಮಗನು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಷೇಕ್ಸ್‌ಪಿಯರನನ್ನೂ ರಮ್ಯಕವಿಗಳನ್ನೂ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದು 1973ರಲ್ಲಿ ನಿವೃತ್ತನಾದನು. ಅಲ್ಲಿಯವರೆಗೆ ಅವನು ಕತೆಗಾರನೆಂದು ಯಾರಿಗೂ ತಿಳಿದಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ, ತನ್ನ ಮಕ್ಕಳ ಒತ್ತಾಯದಿಂದ, ಅವರಿಗೆ ಹಿಂದೆ ಹೇಳುತ್ತಿದ್ದ ಕತೆಗಳನ್ನು ಬರೆಯತೊಡಗಿದನು. ಪುಸ್ತಕ ಹೊರಬಂದುದು 1976ರಲ್ಲಿ. ಪ್ರಕಟಿಸಿದುದು ಅವನದೇ ವಿಶ್ವವಿದ್ಯಾನಿಲಯದ ಮುದ್ರಣಾಲಯ. ಶಾಸ್ತ್ರಗ್ರಂಥಗಳನ್ನೇ ಅಚ್ಚುಹಾಕುತ್ತಿದ್ದ ಆ ಸಂಸ್ಥೆ ಹೊಸ ಕಥಾಕೃತಿಯೊಂದನ್ನು ಹೊರತಂದುದು ಅದೇ ಮೊದಲು. ಮರುವರ್ಷ ಪುಲಿಟ್ಜರ್ ಬಹುಮಾನಕ್ಕೆ ತೀರ್ಪುಗಾರರು ಅದನ್ನು ಶಿಫಾರಸು ಮಾಡಿದರು. ಆದರೆ ಮೇಲಿನ ಮಂಡಳಿ ಆ ವರ್ಷ ಕಥಾಸಾಹಿತ್ಯಕ್ಕೆ ಬಹುಮಾನವನ್ನೇ ಕೊಡಲಿಲ್ಲ. ಲೇಖಕನು 1990ರಲ್ಲಿ ತೀರಿಕೊಂಡನು. ನಲವತ್ತು ವರ್ಷ ಇತರರ ಕೃತಿಗಳನ್ನು ಪಾಠ ಹೇಳಿದ ಮೇಷ್ಟ್ರೊಬ್ಬನು ಕೊನೆಗೆ ತನ್ನ ಎದೆಯೊಳಗಿನ ಒಂದು ಕತೆಯನ್ನು ಬರೆದನೆಂಬುದು ಅಧ್ಯಾಪಕರಾದ ನಮಗೆ ಆಪ್ತವಾಗಬೇಕಾದ ಸಂಗತಿ.

ಕತೆಯೊಳಕ್ಕೆ ಹೋಗುವ ಮೊದಲು ಅದರಲ್ಲಿ ಬರುವ ಮೀನುಗಾರಿಕೆಯ ಬಗೆಯನ್ನು ವಿವರಿಸದೆ ವಿಧಿಯಿಲ್ಲ. ನಮ್ಮ ಹೊಳೆಗಳಲ್ಲಿ ಗಾಳ ಹಾಕುವವರು ಕೊಕ್ಕೆಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ, ದಾರಕ್ಕೆ ಸೀಸದ ಗುಂಡನ್ನು ಕಟ್ಟಿ ಎಸೆಯುತ್ತಾರಷ್ಟೆ. ಅಲ್ಲಿ ಭಾರವಿರುವುದು ತುದಿಯಲ್ಲಿ. ತುದಿಯ ಭಾರ ಹಗುರವಾದ ದಾರವನ್ನು ಎಳೆದೊಯ್ಯುತ್ತದೆ. ಇಂಗ್ಲೆಂಡು ಅಮೆರಿಕಗಳಲ್ಲಿ ‘ಫ್ಲೈ ಫಿಷಿಂಗ್’ ಎಂದು ಕರೆಯುವ ಕ್ರಮದಲ್ಲಿ ಇದು ತಲೆಕೆಳಗು. ಟ್ರೌಟ್ ಎಂಬ ತಣ್ಣೀರಿನ ಮೀನು ಹೊಳೆಯ ಮೇಲೆ ಹಾರಾಡುವ ಚಿಕ್ಕ ಹುಳುಗಳನ್ನು ತಿನ್ನುತ್ತದೆ. ನೀರಿನಲ್ಲೇ ಹುಟ್ಟಿ, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಮಾತ್ರ ಬದುಕುವ ಹುಳುಗಳೂ ಅವುಗಳಲ್ಲಿ ಸೇರಿವೆ. ಗಾಳಗಾರನು ಕೊಕ್ಕೆಯ ಸುತ್ತ ಹಕ್ಕಿಯ ಗರಿ, ರೇಷ್ಮೆ ಎಳೆ, ಪ್ರಾಣಿಯ ಕೂದಲು ಇವುಗಳನ್ನು ಬಿಗಿದು ಅಂಥ ಹುಳುವಿನ ಹೋಲಿಕೆಯೊಂದನ್ನು ಮಾಡುತ್ತಾನೆ. ಈ ಹುಸಿನೊಣಕ್ಕೆ ತೂಕವೆಂಬುದೇ ಇಲ್ಲ. ಅದನ್ನು ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದುದರಿಂದ ತೂಕವನ್ನು ದಾರದಲ್ಲಿಟ್ಟಿದ್ದಾರೆ. ದಪ್ಪನಾದ ದಾರವನ್ನು ಬಳುಕುವ ಕೋಲಿನಿಂದ ಚಾವಟಿಯಂತೆ ಹಿಂದಕ್ಕೂ ಮುಂದಕ್ಕೂ ಬೀಸಬೇಕು. ದಾರ ಗಾಳಿಯಲ್ಲಿ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತ ಹೋಗಿ, ಅದರ ತುದಿಗೆ ಕಟ್ಟಿದ, ಮೀನಿಗೆ ಕಾಣದಷ್ಟು ತೆಳುವಾದ ನೂಲು ಕೊನೆಯಲ್ಲಿ ನೀಳವಾಗಿ ಚಾಚಿ, ನೊಣವನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸಬೇಕು. ಬಲವಂತದಿಂದ ಬೀಸಿದವನ ದಾರ ಅವನ ಬೆನ್ನಿಗೇ ಸುತ್ತಿಕೊಳ್ಳುತ್ತದೆ. ಇದು ಬಲದ ಕೆಲಸವಲ್ಲ, ಲಯದ ಕೆಲಸ.

ಈ ವಿದ್ಯೆ ಹಳೆಯದು. ಸುಮಾರು 1,800 ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಲೇಖಕನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಹುಂಜದ ಗರಿಯನ್ನೂ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಗಾಳವನ್ನು ಕುರಿತ ಮೊದಲ ಪುಸ್ತಿಕೆ ಅಚ್ಚಾದುದು 1496ರಲ್ಲಿ. 1653ರಲ್ಲಿ ಬಂದ ಐಸಾಕ್ ವಾಲ್ಟನನ ‘ದಿ ಕಂಪ್ಲೀಟ್ ಆಂಗ್ಲರ್’ ಇಂಗ್ಲಿಷ್ ಗದ್ಯದ ಪ್ರಸಿದ್ಧ ಕೃತಿಗಳಲ್ಲೊಂದು. ವಾಲ್ಟನನಿಗೆ ನೊಣದ ವಿದ್ಯೆ ಅಷ್ಟಾಗಿ ತಿಳಿದಿರಲಿಲ್ಲ. 1676ರ ಆವೃತ್ತಿಗೆ ಆ ಭಾಗವನ್ನು ಅವನ ಎಳೆಯ ಮಿತ್ರ ಚಾರ್ಲ್ಸ್ ಕಾಟನ್ ಬರೆದುಕೊಟ್ಟನು. ನಾನು ಗಮನಿಸಬೇಕೆನ್ನುವುದು ಬೇರೊಂದು ಅಂಶವನ್ನು. ವಾಲ್ಟನನು ಬರೆದುದು ದೇಶ ಅಂತರ್ಯುದ್ಧದಲ್ಲಿ ಬೆಂದು, ಅವನು ನಂಬಿದ್ದ ಅರಸನ ತಲೆಯನ್ನೇ ಕಡಿದು ನಾಲ್ಕು ವರ್ಷಗಳಾಗಿದ್ದಾಗ. ಆದರೂ ಪುಸ್ತಕದ ತುಂಬ ಹಸುರು ದಂಡೆ, ಹಾಲು ಕರೆಯುವ ಹುಡುಗಿ, ಮೀನಿನ ಅಡುಗೆ. ಹೇಳದೆ ಬಿಟ್ಟುದರ ಭಾರ ಹೇಳಿದುದರ ಮೇಲೆ ಬಿದ್ದಿದೆ. ಗಾಳದ ಸಾಹಿತ್ಯಕ್ಕೆ ಈ ಗುಣ ಆರಂಭದಿಂದಲೇ ಬಂದಂತೆ ತೋರುತ್ತದೆ.

ಇಲ್ಲಿ ಕಾಸರಗೋಡಿನ ಓದುಗರಿಗೆ ಒಂದು ವಿಷಯವನ್ನು ನೆನಪುಮಾಡಬಯಸುತ್ತೇನೆ. ಗಾಳವನ್ನು ಕುರಿತ ಪ್ರಖ್ಯಾತ ಇಂಗ್ಲಿಷ್ ಪುಸ್ತಕವೊಂದು ಹುಟ್ಟಿದುದು ನಮ್ಮ ಮಗ್ಗುಲಲ್ಲೇ. ಕಾಸರಗೋಡು ತಾಲೂಕು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತಲ್ಲವೆ? ಆ ಜಿಲ್ಲೆಯಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವನು ‘ದಿ ರಾಡ್ ಇನ್ ಇಂಡಿಯ’ ಎಂಬ ಗ್ರಂಥವನ್ನು ಬರೆದು 1873ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದನು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದುದು ಅದೇ ಅಚ್ಚುಕೂಟದಿಂದ. ಜಿಲ್ಲೆಯ ಮೀನಿನ ಸಂಪತ್ತನ್ನು ಕುರಿತು ಥಾಮಸನು ಅದಕ್ಕೂ ಮೊದಲೇ, 1870ರಲ್ಲಿ, ಒಂದು ವರದಿಯನ್ನು ಪ್ರಕಟಿಸಿದ್ದನು. ಮಹಶೀರ್ ಎಂದು ಹೆಸರಾದ, ನಮ್ಮ ಘಟ್ಟದ ಹೊಳೆಗಳ ದೊಡ್ಡ ಹುರುಪೆಯ ಮೀನನ್ನು ಹಿಡಿಯುವ ಕ್ರಮ, ಅದಕ್ಕೆ ತಕ್ಕ ಕೋಲು, ದಾರ, ಕೊಕ್ಕೆ ಇವನ್ನೆಲ್ಲ ಥಾಮಸನು ನಿಷ್ಠೆಯಿಂದ ವರ್ಣಿಸಿದ್ದಾನೆ. ತಾಯ್ನಾಡಿನ ಸಾಮನ್ ಮೀನಿಗಿಂತ ಇದೇ ಹೆಚ್ಚೆಂದು ಹೊಗಳಿದ್ದಾನೆ. ಉಪಯುಕ್ತವಾದ ಪುಸ್ತಕ, ಲವಲವಿಕೆಯ ಬರವಣಿಗೆ. ಆದರೂ ಅದು ಶಾಸ್ತ್ರವೇ ಹೊರತು ಕಾವ್ಯವಲ್ಲ. ಅಲ್ಲಿ ಕೋಲು ಎಂದರೆ ಕೋಲು. ಮೀನು ಸಿಕ್ಕಿದೊಡನೆ ವಾಕ್ಯದ ಕೆಲಸ ಮುಗಿಯಿತು. ನಮ್ಮ ಮಿತ್ರರ ಆಕ್ಷೇಪ ಥಾಮಸನಂಥವನ ಪುಟಗಳ ಮೇಲಾಗಿದ್ದರೆ ನನಗೆ ತಕರಾರಿರಲಿಲ್ಲ. ಮೆಕ್ಲೀನನಲ್ಲೂ ಅದೇ ಕೋಲು, ಅದೇ ದಾರ ಬರುತ್ತವೆ. ವ್ಯತ್ಯಾಸವೆಲ್ಲಿ?

ಕತೆ ಸರಳ. ಇಬ್ಬರು ಅಣ್ಣತಮ್ಮಂದಿರು, ನಾರ್ಮನ್ ಮತ್ತು ಪಾಲ್. ತಂದೆ ಅವರಿಗೆ ಧರ್ಮಪಾಠವನ್ನೂ ಗಾಳದ ಪಾಠವನ್ನೂ ಒಂದೇ ಗಾಂಭೀರ್ಯದಿಂದ ಹೇಳಿಕೊಡುತ್ತಾನೆ. ಏಸುವಿನ ಶಿಷ್ಯರಲ್ಲಿ ಮೀನುಗಾರರಿದ್ದರೆಂದು ಕೇಳಿದ ಮಕ್ಕಳು, ಅವರೆಲ್ಲ ನೊಣಗಾಳದವರೇ ಆಗಿರಬೇಕೆಂದು ತೀರ್ಮಾನಿಸಿಬಿಡುತ್ತಾರೆ. ಮನುಷ್ಯನು ಸ್ವಭಾವತಃ ಪತಿತನೆಂಬುದು ತಂದೆಯ ನಂಬಿಕೆ. ಪತಿತನಾದವನು ಕೋಲನ್ನು ಕೈಗೆತ್ತಿಕೊಂಡರೆ ಬಲವನ್ನು ಅತಿಯಾಗಿ ಹಾಕಿ ಕೆಡಿಸುವುದು ಸಹಜ. ದೈವದ ಲಯಕ್ಕೆ ಕೈಯನ್ನು ಒಗ್ಗಿಸಿದಾಗ ಮಾತ್ರ ಬಲವೂ ಸೌಂದರ್ಯವೂ ಮರಳುತ್ತವೆ. ಅದಕ್ಕಾಗಿ ಅವನು ಸಂಗೀತಗಾರರ ತಾಳಯಂತ್ರವನ್ನು ಇಟ್ಟುಕೊಂಡು, ಮಕ್ಕಳಿಗೆ ನಾಲ್ಕು ಎಣಿಕೆಯ ತಾಳದಲ್ಲಿ ಬೀಸುವುದನ್ನು ಕಲಿಸುತ್ತಾನೆ. ಕೋಲು ಗಡಿಯಾರದ ಮುಳ್ಳಿನಂತೆ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಮಾತ್ರ ಆಡಬೇಕು. ಒಂದು ಎಂದಾಗ ದಾರ ನೀರಿನಿಂದೇಳುತ್ತದೆ. ಎರಡು ಎಂದಾಗ ಆಕಾಶಕ್ಕೆ ನೆಗೆಯುತ್ತದೆ. ಮೂರು ಎನ್ನುವುದು ತಡೆ. ನೂಲೂ ನೊಣವೂ ದಾರದ ಹಿಂದೆ ಬಂದು ಸೇರಲು ಕೊಡುವ ಒಂದು ಉಸಿರಿನ ವಿರಾಮ. ನಾಲ್ಕಕ್ಕೆ ಬಲ. ಬಲವನ್ನು ಹಾಕಿದೊಡನೆ ಹತ್ತು ಗಂಟೆಯಲ್ಲಿ ಕೈಯನ್ನು ನಿಲ್ಲಿಸಿ, ಉಳಿದುದನ್ನು ದಾರಕ್ಕೆ ಬಿಟ್ಟುಬಿಡಬೇಕು.

ಕೋಲಿನ ವಿವರವೂ ಬರುತ್ತದೆ. ಎಂಟೂವರೆ ಅಡಿ ಉದ್ದ. ತೂಕ ನಾಲ್ಕೂವರೆ ಔನ್ಸ್, ಎಂದರೆ ಸುಮಾರು 128 ಗ್ರಾಂ. ದೂರದ ಟಾಂಕಿನ್ ಕೊಲ್ಲಿಯ ಕಡೆಯಿಂದ ಬಂದ ಬಿದಿರಿನ ಸೀಳುಗಳಿಂದ ಮಾಡಿ, ಕೆಂಪು ನೀಲಿ ರೇಷ್ಮೆಯಿಂದ ಸುತ್ತಿದುದು. ಅದನ್ನು ಯಾರಾದರೂ ‘ಗಳು’ ಎಂಬರ್ಥದ ಮಾತಿನಿಂದ ಕರೆದರೆ ತಂದೆ ಸಹಿಸುತ್ತಿರಲಿಲ್ಲ. ನಮ್ಮ ಮಿತ್ರರು ಕತ್ತರಿಸಬಹುದೆಂದುದು ಈ ಪುಟಗಳನ್ನೇ.

ಅಣ್ಣ ನಾರ್ಮನ್ ತಂದೆಯ ತಾಳವನ್ನು ಕಲಿತು ಒಳ್ಳೆಯ ಗಾಳಗಾರನಾಗುತ್ತಾನೆ. ತಮ್ಮ ಪಾಲ್ ತಾಳವನ್ನು ಕಲಿತು, ಅದನ್ನು ಮೀರಿ, ತನ್ನದೇ ಆದ ಲಯವನ್ನು ಸೃಷ್ಟಿಸುತ್ತಾನೆ. ನದಿಯ ನಡುವಣ ಬಂಡೆಯೊಂದನ್ನೇರಿ ನಿಂತು, ನೊಣವನ್ನು ನೀರಿಗೆ ತಗುಲಿಸದೆ ಅದರ ಮೇಲೆಯೇ ಮತ್ತೆಮತ್ತೆ ಸುಳಿಸಿ, ಹುಳುಗಳ ಹಿಂಡೇ ಎದ್ದಿದೆಯೆಂದು ಮೀನಿಗೆ ಭ್ರಮೆ ಹುಟ್ಟಿಸುವುದು ಅವನ ವಿಶೇಷ. ಚಿಕ್ಕಂದಿನಲ್ಲಿ ಓಟ್ಸ್ ಗಂಜಿಯನ್ನು ತಿನ್ನಲಾರೆನೆಂದು ಹಟಹಿಡಿದು ತಂದೆಯನ್ನೇ ಸೋಲಿಸಿದ ಹುಡುಗ ಅವನು. ದೊಡ್ಡವನಾದ ಮೇಲೆ ಹೆಲೆನಾ ನಗರದಲ್ಲಿ ಪತ್ರಿಕೆಯ ವರದಿಗಾರ. ಕುಡಿತ, ಹೊಡೆದಾಟ, ಇಸ್ಪೀಟಿನ ಸಾಲ. ಒಂದು ರಾತ್ರಿ ಪೋಲೀಸ್ ಠಾಣೆಯಿಂದ ಅಣ್ಣನಿಗೆ ಕರೆ ಬರುತ್ತದೆ. ಸಹಾಯ ಮಾಡಬೇಕೆಂದು ಅಣ್ಣನ ಮನಸ್ಸು ತುಡಿಯುತ್ತದೆ, ಹೇಗೆಂದು ತಿಳಿಯದು. ಹಣ ಬೇಕೆ ಎಂದು ಕೇಳುತ್ತಾನೆ, ಮೀನಿಗೆ ಹೋಗೋಣವೆ ಎಂದು ಕೇಳುತ್ತಾನೆ. ಇಬ್ಬರೂ ಮೀನಿಗೆ ಹೋಗುತ್ತಾರೆ. ತಂದೆಗೂ ಮಗನಿಗೂ ಒಮ್ಮೆ ಇದೇ ವಿಷಯವಾಗಿ ಮಾತು ನಡೆಯುತ್ತದೆ: ಕೊಡಲು ನಮ್ಮಲ್ಲಿರುವುದು ಅವನಿಗೆ ಬೇಡ, ಅವನಿಗೆ ಬೇಕಾದುದು ನಮ್ಮಲ್ಲಿಲ್ಲ ಎಂಬ ಅರ್ಥದಲ್ಲಿ. ಇಂಥ ತಮ್ಮನೋ ಮಗನೋ ಗೆಳೆಯನೋ ನಮ್ಮಲ್ಲಿ ಯಾರಿಗಿಲ್ಲ?

1937ರ ಬೇಸಗೆಯಲ್ಲಿ ತಂದೆ, ನಾರ್ಮನ್, ಪಾಲ್ ಮೂವರೂ ಕೊನೆಯ ಸಲ ಬ್ಲ್ಯಾಕ್‌ಫುಟ್ ನದಿಗೆ ಹೋಗುತ್ತಾರೆ. ವೃದ್ಧನಾದ ತಂದೆ ದಂಡೆಯಲ್ಲಿ ಕುಳಿತು ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದುತ್ತಿರುತ್ತಾನೆ. ಪಾಲ್ ದೊಡ್ಡ ಮೀನೊಂದನ್ನು ಹಿಡಿಯುವುದನ್ನು ತಂದೆಯೂ ಅಣ್ಣನೂ ನೋಡುತ್ತಾರೆ. ಆ ಗಳಿಗೆಯಲ್ಲಿ ಅವನಲ್ಲಿ ಯಾವ ದೋಷವೂ ಇಲ್ಲ. ಅದಾದ ಬಳಿಕ ಕೆಲವೇ ಸಾಲುಗಳು. ಮುಂದಿನ ಮೇ ತಿಂಗಳ ಒಂದು ಬೆಳಗಿನ ಜಾವ ಪೋಲೀಸ್ ಸಾರ್ಜೆಂಟನು ನಾರ್ಮನನನ್ನು ಎಬ್ಬಿಸುತ್ತಾನೆ. ಇವನು ಏನನ್ನೂ ಕೇಳುವುದಿಲ್ಲ. ಇಬ್ಬರೂ ಕಾರಿನಲ್ಲಿ ಬ್ಲ್ಯಾಕ್‌ಫುಟ್ ನದಿಯ ಉದ್ದಕ್ಕೂ ಸಾಗಿ ತಂದೆತಾಯಿಗಳಿಗೆ ಸುದ್ದಿಯನ್ನು ಮುಟ್ಟಿಸುತ್ತಾರೆ. ಪಾಲನನ್ನು ಯಾರೋ ರಿವಾಲ್ವರಿನ ಹಿಡಿಯಿಂದ ಬಡಿದು ಕೊಂದು ಓಣಿಯಲ್ಲಿ ಎಸೆದಿದ್ದರು. ತಾಯಿ ಒಂದು ಮಾತನ್ನೂ ಕೇಳದೆ ಒಳಗೆ ಹೋಗುತ್ತಾಳೆ. ತಂದೆ, ಇನ್ನೇನಾದರೂ ಹೇಳುವುದಿದೆಯೆ ಎಂದು ಕೇಳುತ್ತಾನೆ. ಅವನ ಕೈಯ ಎಲುಬುಗಳೆಲ್ಲ ಬಹುಮಟ್ಟಿಗೆ ಮುರಿದಿದ್ದವು ಎನ್ನುತ್ತಾನೆ ಮಗ. ತಂದೆ ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಅದು ನಿಶ್ಚಯವೇ ಎಂದು ಕೇಳಿ, ಮತ್ತೂ ಒಂದು ಪ್ರಶ್ನೆಯನ್ನು ಕೇಳುತ್ತಾನೆ: ಯಾವ ಕೈ? ಬಲಗೈ ಎಂಬುದು ಉತ್ತರ.

ಮಿತ್ರರ ಆಕ್ಷೇಪಕ್ಕೆ ಉತ್ತರ ಇಲ್ಲಿದೆಯೆಂದು ನಾನು ನಂಬುತ್ತೇನೆ. ಕೋಲು ದಾರಗಳ ಪುಟಗಳನ್ನು ಹಾರಿಸಿ ಓದಿದವನಿಗೆ ಈ ಪ್ರಶ್ನೆ ಏನೂ ಹೇಳದು. ಸತ್ತ ಮಗನ ಯಾವ ಕೈ ಮುರಿದಿತ್ತೆಂಬುದರಿಂದ ತಂದೆಗೆ ಆಗಬೇಕಾದುದೇನು? ಅವನು ಪತ್ತೇದಾರನಲ್ಲ. ಆದರೆ ಆ ಪುಟಗಳನ್ನು ತಾಳ ಹಾಕುತ್ತ ಓದಿದವನಿಗೆ ಬಲಗೈ ಎಂದೊಡನೆ ಎಲ್ಲವೂ ಒಟ್ಟಿಗೆ ಬಂದು ಬಡಿಯುತ್ತವೆ: ತಾಳಯಂತ್ರ, ಹತ್ತು ಗಂಟೆ, ಎರಡು ಗಂಟೆ, ಮೂರರ ವಿರಾಮ, ಬಂಡೆಯ ಮೇಲೆ ನಿಂತ ಯುವಕ. ದೈವದ ಲಯವನ್ನು ಆ ತಂದೆ ತನ್ನ ಕೈಯಾರೆ ಇಟ್ಟುದು ಆ ಬಲಗೈಯಲ್ಲಿ. ಅದು ಹೊಡೆದಾಡುವಾಗ ಮುರಿಯಿತೆಂದರೆ ಮಗನು ಸೋಲೊಪ್ಪದೆ ಕಾದಾಡಿಯೇ ಸತ್ತನೆಂದೂ ಅರ್ಥ. ಒಂದೇ ಮಾತಿನಲ್ಲಿ ಸಮಾಧಾನವೂ ಸರ್ವನಾಶವೂ ಇವೆ. ಲೇಖಕನು ಇದಾವುದನ್ನೂ ಬಿಡಿಸಿ ಹೇಳುವುದಿಲ್ಲ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದು ಇದನ್ನೇ ಅಲ್ಲವೆ? ಧ್ವನಿ ಶೂನ್ಯದಿಂದ ಹುಟ್ಟದು. ವಾಚ್ಯಾರ್ಥ ಗಟ್ಟಿಯಾಗಿ, ನಿಖರವಾಗಿ, ಬೇಸರವಾಗುವಷ್ಟು ವಿವರವಾಗಿ ಮೊದಲು ನಿಂತಿರಬೇಕು. ಆಮೇಲೆ ಗಂಟೆಗೆ ಬಡಿದರೆ ಅನುರಣನ. ಗಂಟೆಯನ್ನೇ ಕತ್ತರಿಸಿಟ್ಟು ನಾದವನ್ನು ಮಕ್ಕಳಿಗೆ ಕೇಳಿಸಲಾದೀತೆ?

ಇದನ್ನು ನಿಸರ್ಗವರ್ಣನೆಯೆಂದು ಹೊಗಳುವವರೂ ಇದ್ದಾರೆ. ಅವರೂ ತಪ್ಪಿದ್ದಾರೆಂದೇ ನನ್ನ ಎಣಿಕೆ. ನಮ್ಮ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಜಲಕೇಳಿಯೂ ಒಂದು. ಎಷ್ಟೋ ಕಡೆ ಅದು ಕತೆಗೆ ತೊಡಿಸಿದ ಆಭರಣ. ತೆಗೆದಿಟ್ಟರೂ ಕತೆ ನಡೆಯುತ್ತದೆ. ಇಲ್ಲಿಯ ನೀರು ಆಭರಣವಲ್ಲ. ಅಣ್ಣತಮ್ಮಂದಿರು ಒಬ್ಬರೊಡನೊಬ್ಬರು ನೇರವಾಗಿ ಆಡಲಾರದ ಮಾತು ನೊಣದ ಹೆಸರಿನಲ್ಲಿ, ದಾರದ ಹೆಸರಿನಲ್ಲಿ, ಯಾವ ಮಡುವಿಗೆ ಯಾರು ಮೊದಲು ಇಳಿಯಬೇಕೆಂಬ ಸೌಜನ್ಯದಲ್ಲಿ ಆಡಲ್ಪಡುತ್ತದೆ. ಕೊನೆಯ ದಿನ ಅಣ್ಣನಿಗೆ ಮೀನು ಸಿಕ್ಕುತ್ತಿದ್ದು ತನಗೆ ಸಿಕ್ಕದಾಗ ಪಾಲ್ ನೊಣ ಯಾವುದೆಂದು ಕೇಳುತ್ತಾನೆ, ಅಣ್ಣ ಕೊಡುತ್ತಾನೆ. ಇಡೀ ಕತೆಯಲ್ಲಿ ಅಣ್ಣನು ತಮ್ಮನಿಗೆ ಮಾಡಿದ, ತಮ್ಮನು ಸ್ವೀಕರಿಸಿದ ಸಹಾಯ ಅದಿಷ್ಟೆ.

ತರಗತಿಯಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಿದರೆ ತಪ್ಪಾಗದು. ಈ ಕತೆಯ ಮೊದಲ ಭಾಗವನ್ನು ಹತ್ತನೆಯ ತರಗತಿಯ ಮಕ್ಕಳಿಗೆ ನಾನೊಮ್ಮೆ ಬಿಡುವಿನ ವೇಳೆಯಲ್ಲಿ ಹೇಳಿದೆ. ಹೆಚ್ಚಿನವರು ಆಕಳಿಸಿದರು. ಕಡಲತಡಿಯ ಮೊಗವೀರರ ಮನೆಯ ಹುಡುಗನೊಬ್ಬನು ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದನು. ಮುಗಿದ ಬಳಿಕ ಹತ್ತಿರ ಬಂದು, “ಮಾಷ್ಟ್ರೇ, ಅಪ್ಪ ನನಗೆ ಬಲೆ ಬೀಸಲಿಕ್ಕೆ ಕಲಿಸುವಾಗಲೂ ಹೀಗೇ, ಕೈ ಹಿಡಿದು ನಿಲ್ಲಿಸುತ್ತಾರೆ. ಬೇರೆ ಹೊತ್ತಿನಲ್ಲಿ ಅವರು ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ” ಎಂದನು. ನಾನು ವಾರಗಟ್ಟಲೆ ಓದಿ ಕಂಡುಕೊಂಡುದನ್ನು ಅವನು ಎರಡು ವಾಕ್ಯದಲ್ಲಿ ಹೇಳಿದ್ದನು.

ಇದೇ ಬಗೆಯ ಇನ್ನೊಂದು ಕತೆ ಹೆಮಿಂಗ್ವೇಯ ‘ಬಿಗ್ ಟೂ-ಹಾರ್ಟೆಡ್ ರಿವರ್’. 1925ರ ಅವನ ಸಂಕಲನದ ಕೊನೆಯಲ್ಲಿ ಎರಡು ಭಾಗಗಳಾಗಿ ಬಂದಿದೆ. ನಿಕ್ ಎಂಬ ತರುಣನು ಮಿಷಿಗನ್ನಿನ ಸುಟ್ಟುಹೋದ ಊರೊಂದರಲ್ಲಿ ರೈಲಿನಿಂದಿಳಿದು, ಹೊಳೆಯ ಬಳಿ ಗುಡಾರ ಹೂಡಿ, ಟ್ರೌಟ್ ಹಿಡಿಯುತ್ತಾನೆ. ಇಷ್ಟೇ ಕತೆ. ಅವನು ಯುದ್ಧದಿಂದ ಮರಳಿದವನು. ಕತೆಯಲ್ಲಿ ಯುದ್ಧವೆಂಬ ಮಾತೇ ಇಲ್ಲ. ಗೂಟ ಹೊಡೆಯುವುದು, ಕಾಫಿ ಕಾಸುವುದು, ಮಿಡತೆಗಳನ್ನು ಸೀಸೆಗೆ ತುಂಬುವುದು, ನೂಲುಗಳನ್ನು ಒದ್ದೆ ಬಟ್ಟೆಯ ನಡುವೆ ಮೆತ್ತಗಿಡುವುದು. ಒಂದಾದ ಮೇಲೊಂದು ಕೆಲಸವನ್ನು ಅವನು ಕ್ರಮ ತಪ್ಪದೆ ಮಾಡುತ್ತಾನೆ. ಕ್ರಮ ತಪ್ಪಿದರೆ ಮನಸ್ಸು ತಪ್ಪುತ್ತದೆಂಬ ಭಯ ವಾಕ್ಯಗಳ ಕೆಳಗೆ ಹರಿಯುತ್ತಿದೆ. ದೊಡ್ಡ ಮೀನೊಂದು ನೂಲನ್ನು ಹರಿದುಕೊಂಡು ಹೋದಾಗ ಅವನ ಕೈ ನಡುಗುತ್ತದೆ. ಹೊಳೆಯ ಮುಂದಿನ ಜೌಗಿನೊಳಕ್ಕೆ ಅವನು ಆ ದಿನ ಇಳಿಯುವುದಿಲ್ಲ. ಗಮನಿಸಿ, ಅವನ ಕೋಲು ನೊಣಗಾಳದ್ದು. ಕೊಕ್ಕೆಯಲ್ಲಿರುವುದು ಜೀವಂತ ಮಿಡತೆ. ಮೆಕ್ಲೀನನ ತಂದೆ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ! ಸಲಕರಣೆಯ ವಿವರ ಹೆಮಿಂಗ್ವೇಯಲ್ಲಿ ಗಾಯವನ್ನು ಮುಚ್ಚುವ ಪಟ್ಟಿ. ಮೆಕ್ಲೀನನಲ್ಲಿ ಅದು ಪಟ್ಟಿಯಲ್ಲ, ಇನ್ನೊಬ್ಬನ ಕಡೆಗೆ ಚಾಚಿದ ಕೈ. ಎರಡನ್ನೂ ಓದಿದ ಬಳಿಕ ನನಗೆ ಮೆಕ್ಲೀನನೇ ಹಿರಿಯನೆನಿಸಿದನು. ಹೆಮಿಂಗ್ವೇಯ ವಾಕ್ಯ ಹೆಚ್ಚು ಶುದ್ಧ. ಆದರೆ ಅವನ ನದಿಯ ಬಳಿ ಒಬ್ಬನೇ ಇದ್ದಾನೆ. ಪ್ರೀತಿಸುವವರನ್ನೂ ಅರಿಯಲಾರೆವೆಂಬ ಸಂಕಟಕ್ಕೆ ಇಬ್ಬರಾದರೂ ಬೇಕಷ್ಟೆ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ನಿರೂಪಕನ ಹೆಂಡತಿಯ ತಮ್ಮ ನೀಲ್ ಎಂಬವನು ಡಬ್ಬಿಯ ತುಂಬ ಎರೆಹುಳು ಹೊತ್ತು ಬರುವವನು. ಅವನನ್ನು ಪುಟಗಟ್ಟಲೆ ಗೇಲಿಮಾಡಲಾಗಿದೆ. ಎರೆಹುಳು ಹಾಕುವವರೆಲ್ಲ ಅಯೋಗ್ಯರಾದರೆ ನಮ್ಮ ಊರುಗಳಲ್ಲಿ ಯೋಗ್ಯರು ಎಷ್ಟು ಮಂದಿ ಉಳಿದಾರು? ಹೊಟ್ಟೆಪಾಡಿಗಾಗಿ ಮೀನು ಹಿಡಿಯುವವನ ಕಡೆಗೆ ಈ ಪುಸ್ತಕ ತಿರುಗಿಯೂ ನೋಡುವುದಿಲ್ಲ. ಪಾಲನ ಗೆಳತಿಯಾದ ಷೆಯೆನ್ ಬುಡಕಟ್ಟಿನ ಹುಡುಗಿ ಒಂದು ಅಡ್ಡಹೆಸರು, ಒಂದೆರಡು ವಿನೋದ, ಇಷ್ಟರಲ್ಲೇ ಮುಗಿದುಹೋಗುತ್ತಾಳೆ. ಪಾಲನನ್ನು ಅರಿಯಲಿಲ್ಲವೆಂದು ಕೊರಗುವ ನಿರೂಪಕನಿಗೆ ಅವಳನ್ನು ಅರಿಯಬೇಕೆಂಬ ಕುತೂಹಲವೇ ಹುಟ್ಟದಿರುವುದು ಕೊರತೆ. ನಡುವಿನ ಹಾಸ್ಯಪ್ರಸಂಗಗಳು ಕೆಲವೆಡೆ ಉದ್ದವಾಗಿವೆ. ಕತ್ತರಿ ಬೇಕೇ ಬೇಕೆಂದರೆ ನಮ್ಮ ಮಿತ್ರರು ಅಲ್ಲಿ ಆಡಿಸಬಹುದು; ಕೋಲಿನ ಪುಟಗಳ ಮೇಲೆ ಬೇಡ.

ಇನ್ನೊಂದು ಸಂಗತಿ. ಇದು ಆತ್ಮಕಥೆಯ ನೆರಳಿನ ಕತೆ, ಆದರೆ ಆತ್ಮಕಥೆಯಲ್ಲ. ನಿಜಜೀವನದಲ್ಲಿ ಪಾಲ್ ಕೊಲೆಯಾದುದು 1938ರ ಮೇ ತಿಂಗಳಲ್ಲಿ, ಮೊಂಟಾನದಲ್ಲಲ್ಲ, ಷಿಕಾಗೋವಿನಲ್ಲಿ, ಅಣ್ಣನು ಅಧ್ಯಾಪಕನಾಗಿದ್ದ ನಗರದಲ್ಲೇ. ಲೇಖಕನು ಆ ಸಾವನ್ನು ನಗರದಿಂದ ಎತ್ತಿ ತಂದು ನದಿಯ ಸೀಮೆಯಲ್ಲಿಟ್ಟಿದ್ದಾನೆ. ಸುದ್ದಿ ತಂದೆತಾಯಿಗಳನ್ನು ಮುಟ್ಟಬೇಕಾದರೆ ಆ ನದಿಯ ಗುಂಟವೇ ಬರಬೇಕು; ಅದಕ್ಕಾಗಿಯೇ ಈ ಬದಲಾವಣೆಯೆಂದು ನನಗೆ ತೋರುತ್ತದೆ. ಕತೆಯೊಳಗೆ ತಂದೆಯೇ ಮಗನಿಗೆ ಒಂದು ಸಲಹೆಯನ್ನು ಕೊಡುತ್ತಾನೆ: ನಿಜವಾದ ಕತೆಗಳನ್ನು ಹೇಳಿ ಮುಗಿಸಿದ ಮೇಲೆ ಒಂದು ಕತೆಯನ್ನೂ ಅದಕ್ಕೆ ತಕ್ಕ ಜನರನ್ನೂ ಕಟ್ಟಿನೋಡು, ಆಗ ಏನು ನಡೆಯಿತೆಂದು ತಿಳಿದೀತು ಎಂದು. ನಿಜವಾದ ಪಾಲ್ ಸತ್ತು 38 ವರ್ಷಗಳಾದ ಮೇಲೆ ಆ ಕತೆ ಅಚ್ಚಾಯಿತು. ಕಟ್ಟಿದರೂ ಮಗನಿಗೆ ತಿಳಿಯಿತೆ? ಕೊನೆಯ ಪುಟದಲ್ಲಿ ಮುದುಕನಾದ ನಿರೂಪಕನು ಸಂಜೆಯ ಮಬ್ಬಿನಲ್ಲಿ ಒಬ್ಬನೇ ಗಾಳ ಹಾಕುತ್ತ ನಿಂತಿರುವುದನ್ನು ನೋಡಿದರೆ, ಇಲ್ಲವೆಂದೇ ಹೇಳಬೇಕು.

1992ರಲ್ಲಿ ರಾಬರ್ಟ್ ರೆಡ್‌ಫರ್ಡ್ ಈ ಕತೆಯನ್ನು ಚಲನಚಿತ್ರವಾಗಿಸಿದನು. ಸೊಗಸಾದ ಚಿತ್ರ, ದಾರ ಬಿಸಿಲಿನಲ್ಲಿ ಬಿಚ್ಚಿಕೊಳ್ಳುವ ನೋಟವನ್ನು ಕಂಡು ಸಾವಿರಾರು ಜನ ಕೋಲು ಕೊಂಡು ಹೊಳೆಗಿಳಿದರಂತೆ. ಬ್ಲ್ಯಾಕ್‌ಫುಟ್ ನದಿ ಆ ವೇಳೆಗೆ ಗಣಿಗಳ ಮತ್ತು ಮರ ಕಡಿಯುವವರ ದೆಸೆಯಿಂದ ಕೆಟ್ಟಿದ್ದುದರಿಂದ ಮೀನಿನ ದೃಶ್ಯಗಳನ್ನು ಹೆಚ್ಚಾಗಿ ಗ್ಯಾಲಟಿನ್ ಮೊದಲಾದ ಬೇರೆ ನದಿಗಳಲ್ಲಿ ತೆಗೆದರು. ಚಿತ್ರದಲ್ಲಿ ಕಣ್ಣಿಗೆ ಕಾಣುವುದು ಹೆಚ್ಚು, ಎಣಿಕೆ ಕಡಿಮೆ.

ಕನ್ನಡಕ್ಕೆ ಇದನ್ನು ತರಬಹುದೆ? ಗಾಳದ ಸುಖವನ್ನು ಬಲ್ಲ ಕನ್ನಡ ಲೇಖಕರಿಲ್ಲವೆಂದಲ್ಲ. ಪೂರ್ಣಚಂದ್ರ ತೇಜಸ್ವಿಯವರು (1938–2007) ಸ್ವತಃ ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ದಿನಗಳನ್ನು ಕಳೆದವರು. ಅವರ ಗದ್ಯದಲ್ಲಿ ಆ ಲವಲವಿಕೆ ಇದೆ. ತೊಡಕಿರುವುದು ಪದಗಳಲ್ಲಿ. ಇಂಗ್ಲಿಷಿನ ‘ಫ್ಲೈ’ಯನ್ನು ನೊಣವೆಂದರೆ ನಮ್ಮ ಓದುಗನ ಕಣ್ಣಿಗೆ ಕಟ್ಟುವುದು ಹಲಸಿನ ತೊಳೆಯ ಮೇಲೆ ಕೂರುವ ನೊಣ, ಅದರಿಂದ ಯಾವ ಕರುಣವೂ ಹುಟ್ಟದು. ಹುಸಿನೊಣವೆಂದು ನಾನು ಈ ಲೇಖನದಲ್ಲಿ ಬಳಸಿದ್ದೇನೆ. ‘ಹುಸಿ’ಯಲ್ಲಿ ಮೋಸದ ವಾಸನೆ ಇರುವುದರಿಂದ ಪೂರ್ತಿ ಸಮಾಧಾನವಿಲ್ಲ. ಕೋಲು, ದಾರ, ನೂಲು ಇವು ಹೇಗೋ ಸಾಗುತ್ತವೆ. ಸಾಗದಿರುವುದು ಮೂರರ ಎಣಿಕೆ. ಕೈ ನಿಂತು, ದಾರ ಬೆನ್ನ ಹಿಂದೆ ನೀಳವಾಗುವ ತನಕ ಕಾಯುವ ಆ ಕ್ಷಣಕ್ಕೆ ‘ತಡೆ’ ಎಂದೆ, ‘ವಿರಾಮ’ ಎಂದೆ. ಮೊದಲನೆಯದು ಒರಟು, ಎರಡನೆಯದು ಪುಸ್ತಕದ ಮಾತು. ಬೀಸುಬಲೆ ಹಾಕುವವರಿಗೂ ಬಲೆ ಕೈಬಿಡುವ ಮೊದಲು ಅಂಥದೊಂದು ಗಳಿಗೆ ಇದೆ. ಅದಕ್ಕೆ ಅವರಲ್ಲಿ ಒಂದು ಮಾತಿದೆಯಂತೆ. ಹುಡುಗನಿಗೆ ಅದು ನೆನಪಿಗೆ ಬರಲಿಲ್ಲ, ಅಪ್ಪನನ್ನು ಕೇಳಿ ಹೇಳುತ್ತೇನೆಂದಿದ್ದಾನೆ.